ಬಳ್ಳಿ ಬೋಳಿಸುವ ಕತ್ತರಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಿವೃತ್ತ ಮೇಷ್ಟ್ರ ಹಿತ್ತಲಿನ ದ್ರಾಕ್ಷಿ ಚಪ್ಪರಕ್ಕೆ ಏಣಿ ಒರಗಿಸಿ ಕತ್ತರಿ ಅಕ್ಕ ಸರಸರನೆ ಮೇಲೇರುತ್ತಾರೆ. ವಯಸ್ಸು ಐವತ್ತೆಂಟು; ಮಂಡಿಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ. ಕೆಳಗೆ ಮೇಷ್ಟ್ರು ಎರಡೂ ಕೈಯಲ್ಲಿ ಏಣಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಾರೆ.

ಮನೆಯಂಗಳದ ದ್ರಾಕ್ಷಿ ಬಳ್ಳಿಗಳನ್ನು ಸವರುವುದು ಅಕ್ಕನ ಕೆಲಸ. ಹಂಗಾಮಿನಲ್ಲಿ ದಿನಕ್ಕೆ ನಾಲ್ಕು ಮನೆ. ಹತ್ತರಲ್ಲಿ ಒಂಬತ್ತು ಪಾಲು ಕತ್ತರಿಸಿ, ಉಳಿದ ಕಡ್ಡಿಗೆ ಚಿಗುರೊಡೆಯುವ ಎರಡೆರಡು ಕಣ್ಣು ಮಾತ್ರ ಬಿಡುತ್ತಾರೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. "ಹಣ್ಣು ಬರೋದು ಹೊಸ ಚಿಗುರಲ್ಲಿ. ಹಳೇದನ್ನ ತೆಗೀದೆ ಹೊಸದು ಎಲ್ಲಿಂದ ಬರಬೇಕು?" ಎನ್ನುತ್ತಾರೆ ಅಕ್ಕ.

ಈ ವಿದ್ಯೆ ಕಲಿತದ್ದು ಜಗಳದಿಂದ. "ಮದುವೆಯಾದ ಹೊಸದು. ಅತ್ತೆ ಮೇಲಿನ ಸಿಟ್ಟಿಗೆ ಅವರ ಬಳ್ಳೀನ ಕತ್ತರಿಸಿ ಹಾಕಿದೆ. ಆ ವರ್ಷ ಚಪ್ಪರ ಬಗ್ಗೋಷ್ಟು ಕಾಯಿ. ಮುಂದಿನ ವರ್ಷ ಅತ್ತೇನೇ ಕತ್ತರಿ ತಂದು ಕೈಗಿಟ್ರು."

ಮೇಷ್ಟ್ರ ಬಳ್ಳಿಯದು ಬೇರೆ ಕಥೆ. ಅದನ್ನು ನೆಟ್ಟು ಸವರುತ್ತಿದ್ದವರು ಅವರ ಹೆಂಡತಿ. ಅವರು ತೀರಿಕೊಂಡ ಮೇಲೆ ಆರು ವರ್ಷ ಮೇಷ್ಟ್ರು ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಎಲೆಯೋ ಎಲೆ, ಒಂದು ಕಾಯಿಯೂ ಇಲ್ಲ. ಇಪ್ಪತ್ತೆರಡು ದಿನದ ಹಿಂದೆ ಅಂತೂ ಒಪ್ಪಿದರು. ಅಕ್ಕ ಬೋಳಿಸಿ ಇಳಿದಾಗ ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. "ಅವತ್ತು ನನಗೆ ಊಟ ಸೇರಲಿಲ್ಲ. ಕಾಯಿ ಬಿಡದಿದ್ರೆ ಅವರಿಗೆ ಹೇಗೆ ಮುಖ ತೋರಿಸೋದು?" ಎನ್ನುತ್ತಾರೆ ಅಕ್ಕ.

ಈಗ ಚಿಗುರು ಗೇಣುದ್ದ ಬಂದಿದೆ. ನಾಲ್ಕನೇ ಎಲೆಯ ಎದುರಿಗೆ ಇರುವುದು ಕಾಯಿ ಕೊಡದ ಬರೀ ಸುರುಳಿ ಕುಡಿಯೋ, ಗೊಂಚಲಿನ ಮೊಗ್ಗೋ ಎಂಬುದು ಇವತ್ತು ತಿಳಿಯಬೇಕು. ಅಕ್ಕ ಮೊದಲ ಚಿಗುರು ಬಗ್ಗಿಸುತ್ತಾರೆ. ಕುಡಿ. ಎರಡನೆಯದೂ ಕುಡಿ. ಮೂರನೆಯದರಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಮೊಗ್ಗುಗಳು ಒತ್ತೊತ್ತಾಗಿ ಕೂತಿವೆ. ನಾಲ್ಕನೆಯದರಲ್ಲಿ ಎರಡೆರಡು ಗೊಂಚಲು!

"ಮೇಷ್ಟ್ರೇ, ಎಣಿಸ್ಕೊಳ್ಳಿ," ಎಂದು ಅಕ್ಕ ಮೇಲಿನಿಂದ ಕೂಗಿ ಕೂಗಿ ಹೇಳುತ್ತಾರೆ. ಖುಷಿಗೆ ಚಪ್ಪರವೇ ಅಲ್ಲಾಡುತ್ತಿದೆ. ಮೂವತ್ತೊಂದಕ್ಕೆ ಲೆಕ್ಕದ ಮೇಷ್ಟ್ರ ಲೆಕ್ಕ ತಪ್ಪುತ್ತದೆ; ಕಣ್ಣೊರೆಸಿಕೊಳ್ಳಲು ಅವರು ಏಣಿಯನ್ನೇ ಬಿಟ್ಟಿದ್ದಾರೆ.

"ನಿನಗೆ ಏನು ಕೊಡ್ಲಮ್ಮಾ?" ಎಂದು ಅವರು ಕೇಳಿದಾಗ ಅಕ್ಕ ಕೆಳಗಿಳಿದು, ಸ್ವಲ್ಪ ನಾಚಿಕೊಂಡೇ ಹೇಳುತ್ತಾರೆ:

"ಎಲ್ರೂ ಬಳ್ಳಿ ಬೋಳಿಸೋಕೆ ನನ್ನನ್ನ ಕರೀತಾರೆ. ಹಣ್ಣಾದಾಗ ಯಾರಿಗೂ ನೆನಪಾಗಲ್ಲ. ನೀವು ಹಣ್ಣಾದಾಗ ಒಂದ್ಸಲ ಕರೀರಿ ಮೇಷ್ಟ್ರೇ. ಕತ್ತರಿ ತರಲ್ಲ."