ಎಷ್ಟು ಬಾಣಂತನ ಆದವು?

ಮರೋಳದಲ್ಲಿ ಲಗಮವ್ವ ಅಂಗಳಕ್ಕೆ ಕಾಲಿಟ್ಟರೆ ನಾಯಿಗಳು ಸಹ ಬೊಗಳುವುದಿಲ್ಲ. ಹದಿನಾರು ವರ್ಷದಿಂದ, ವರ್ಷಕ್ಕೆರಡು ಸಲ, ಆರುನೂರು ಮನೆ ತಿರುಗಿದವಳು. ಬೊಗಳಿ ಬೊಗಳಿ ಅವಕ್ಕೂ ಬೇಸರ ಬಂದಿರಬೇಕು. ಬಾಗಲಕೋಟೆಯ ಒಂದು ಆರೋಗ್ಯ ಸಂಶೋಧನಾ ಕೇಂದ್ರ ಅವಳಿಗೆ ಕೊಟ್ಟ ಕೆಲಸ ಇದು. ಯಾರ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಲಗ್ನವಾಗಿ ಬಂದರು, ಯಾರು ಊರು ಬಿಟ್ಟರು, ಎಲ್ಲವನ್ನೂ ಬರೆದುಕೊಡಬೇಕು. ಇಷ್ಟೇನಾ ಎನ್ನುವವರು ಒಂದು ದಿನ ಈ ಹುನಗುಂದ ಸೀಮೆಯ ಬಿಸಿಲಲ್ಲಿ ತಿರುಗಿ ನೋಡಲಿ.

ಕಲಿತದ್ದು ಏಳನೆಯ ಇಯತ್ತೆ. ಆದರೆ ಯಾವ ಮನೆಯ ಹಿರಿಯನಿಗೆ ಬಿ.ಪಿ., ಯಾವ ಸೊಸೆಗೆ ರಕ್ತ ಕಡಿಮೆ ಎಂದು ಕೇಳಿದರೆ ಪುಸ್ತಕ ತೆರೆಯದೆ ಹೇಳುತ್ತಾಳೆ. ಅವಳು ಊರಿಗೆ ಬೇಕಾದವಳಾದದ್ದು ಮಾತಿನ ನಯದಿಂದ. ಒಬ್ಬರ ಹೊಟ್ಟೆಯ ಉರಿ ಕೆದಕಬಾರದು ಎಂಬುದು ಅವಳ ನೇಮ. ಮಕ್ಕಳೆಷ್ಟು, ಎಲ್ಲಾ ಆರಾಮ ಅದಾವೇನು ಎಂದು ಕೇಳುತ್ತಿದ್ದಳು. ಹೇಳಿದ್ದನ್ನು ಬರೆದುಕೊಂಡು, ಚಹಾ ಕುಡಿದು ಏಳುತ್ತಿದ್ದಳು.

ಆ ನಯವೇ ಅವಳ ಕುತ್ತಿಗೆಗೆ ಬಂತು. ಶ್ರಾವಣದಲ್ಲಿ ಕೇಂದ್ರದಿಂದ ರೋಹಿಣಿ ಬಂದಳು. ಊರೂರಿನ ಲೆಕ್ಕಗಳನ್ನು ಕೂಡಿಸಿ ನೋಡುವ ಡಾಕ್ಟರು, ಇನ್ನೂ ಮೂವತ್ತು ದಾಟದ ಹುಡುಗಿ. ಕಟ್ಟೆಯ ಮೇಲೆ ಕುಳಿತು, ಚಹಾ ಮುಗಿಸಿ, ಮೆಲ್ಲಗೆ ಮಾತು ತೆಗೆದಳು.

"ಲಗಮವ್ವಾರ, ಹದಿನಾರು ವರ್ಷದಾಗ ಈ ಊರಾಗ ಎಳಿ ಕೂಸು ತೀರಿದ್ದು ಮೂರ ಅಂತ ಐತಿ. ಇಷ್ಟ ಮನಿ ಇರೂ ಬಾಜೂ ಊರಾಗ ಇಪ್ಪತ್ತರ ಹತ್ರ ಅದಾವ್ರಿ."

ಈ ಅಂಕಿಯನ್ನು ಯಾರೂ ನಂಬುವುದಿಲ್ಲ ಎಂದಳು. ತಿಂಗಳೊಳಗೆ ಕಾರಣ ಸಿಗದಿದ್ದರೆ ಮರೋಳದ ಹದಿನಾರು ವರ್ಷದ ಲೆಕ್ಕವನ್ನೇ ಅಧ್ಯಯನದಿಂದ ತೆಗೆಯುತ್ತಾರಂತೆ.

ಲಗಮವ್ವ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ತಿರುವಿ ನೋಡಿದಳು. ಒಂದಕ್ಷರ ಸುಳ್ಳು ಬರೆದವಳಲ್ಲ. ನಮ್ಮೂರ ಕೂಸುಗಳು ಗಟ್ಟಿ ಇದ್ದರೆ ಅದೂ ನಿನ್ನ ತಪ್ಪೇನು ಎಂದು ಗಂಡ ಯಂಕಪ್ಪ ಚಾಷ್ಟಿ ಮಾಡಿದ. ಅವಳಿಗೆ ನಗು ಬರಲಿಲ್ಲ, ರೊಟ್ಟಿಯೂ ಇಳಿಯಲಿಲ್ಲ.

ನಾಲ್ಕನೆಯ ದಿನ ಹೊಸ ಕೂಸನ್ನು ಬರೆದುಕೊಳ್ಳಲು ಶಾರವ್ವನ ಮನೆಗೆ ಹೋದಳು. ಸೊಸೆ ಪದ್ಮಶ್ರೀ ಹೆತ್ತು ಹದಿನೈದು ದಿನವಾಗಿತ್ತು. ಶಾರವ್ವ ಬಾಣಂತಿಗೆಂದು ಅಂಟಿನುಂಡಿ ಕಟ್ಟುತ್ತ ತನ್ನ ಆರೈಕೆಯನ್ನು ತಾನೇ ಹೊಗಳಿಕೊಳ್ಳುತ್ತಿದ್ದಳು. ಸೊಸೆಯದು ಇದು ಮೂರನೆಯ ಬಾಣಂತನ, ಒಂದಕ್ಕೂ ಕೊಬ್ಬರಿ ತುಪ್ಪ ಕಡಿಮೆ ಮಾಡಿಲ್ಲ ಎಂದಳು. ಲಗಮವ್ವನ ಪೆನ್ನು ನಿಂತಿತು. ಪುಸ್ತಕದಲ್ಲಿ ಪದ್ಮಶ್ರೀಗೆ ಇದಕ್ಕೂ ಮುಂಚೆ ಇದ್ದದ್ದು ಒಂದೇ ಮಗು. ನಡುವಿನದು ಏನಾಯಿತೆಂದು ಶಾರವ್ವನನ್ನು ಕೇಳಿದಳು.

"ಎಂಟ ದಿನಾ ಇತ್ತವ್ವ. ತೊಟ್ಟಲಕ್ಕ ಹಾಕಿದ್ದಿಲ್ಲ, ಹೆಸರ ಇಟ್ಟಿದ್ದಿಲ್ಲ. ಅದನ್ನೇನ ಬರಸೂದು?"

ಯಾರೂ ಸುಳ್ಳು ಹೇಳಿರಲಿಲ್ಲ ನೋಡಿ. ಮಕ್ಕಳೆಷ್ಟು ಎಂದು ಕೇಳಿದರೆ ಈ ಊರು ತೊಟ್ಟಿಲಿನಿಂದ ಎಣಿಸುತ್ತದೆ. ಹೆಸರಿಡುವ ಮುಂಚೆ ಹೋದದ್ದು ಲೆಕ್ಕಕ್ಕಿಲ್ಲ. ಬಾಜೂ ಊರುಗಳಲ್ಲಿ ಲೆಕ್ಕ ಬರೆಯಲು ಪರಸ್ಥಳದಿಂದ ಬಂದವರು, ಸತ್ತ ಕೂಸುಗಳೆಷ್ಟು ಎಂದು ಮುಖಕ್ಕೆ ಹೊಡೆದಂತೆ ಕೇಳಿದ್ದರು, ಉತ್ತರ ಸಿಕ್ಕಿತ್ತು. ಲಗಮವ್ವನಿಗೆ ಹಾಗೆ ಕೇಳಲು ಈಗಲೂ ಬಾಯಿ ಬರಲಿಲ್ಲ. ಆದರೆ ಯಾವ ಹೆಂಗಸು ತನ್ನ ಬಾಣಂತನ ಮರೆತಾಳು? ಮೈಗೆ ಬಿದ್ದ ಬಿಸಿನೀರು, ತಲೆಗೆ ಕಟ್ಟಿದ ಬಟ್ಟೆ, ತಿಂದ ಉಂಡೆ ಎಲ್ಲ ನೆನಪಿರುತ್ತದೆ.

ಮರುದಿನದಿಂದ ಮೊದಲ ಮನೆಯಿಂದ ಮತ್ತೆ ಸುರು ಮಾಡಿದಳು. ಕೇಳಿದ್ದು ಒಂದೇ, ಎಷ್ಟು ಬಾಣಂತನ ಆದವು ಎಂದು. ಬೈದು ಹೊರಗೆ ಹಾಕುತ್ತಾರೆಂದು ಒಳಗೊಳಗೇ ಅಂಜಿದ್ದಳು. ಯಾರೂ ಹಾಕಲಿಲ್ಲ. ಕೆಲವರು ಜೋಳ ಹಸನು ಮಾಡುತ್ತಲೇ ಹೇಳಿದರು. ಒಬ್ಬಳು ಅತ್ತಳು, ಅತ್ತು ಮುಗಿಸಿ ಚಹಾಕ್ಕಿಟ್ಟಳು. ಇಪ್ಪತ್ತೆರಡು ದಿನದಲ್ಲಿ ಹದಿನಾರು ಕೂಸುಗಳು ಸಿಕ್ಕವು.

ಕೊನೆಗೆ ಉಳಿದದ್ದು ತನ್ನದೇ ಮನೆ. ತನ್ನ ಎರಡು ಬಾಣಂತನ, ಇರುವ ಎರಡು ಮಕ್ಕಳು, ಬರೆದು ಪುಸ್ತಕ ಮುಚ್ಚಿದಳು. ಎಂಬತ್ತರ ಅತ್ತೆ ಸಾವಂತ್ರವ್ವ ಮೂಲೆಯಿಂದ ನೋಡುತ್ತಿದ್ದಳು. ನನ್ನನ್ನು ಯಾಕೆ ಕೇಳಲಿಲ್ಲ ಎಂದಳು. ಐವತ್ತರ ಒಳಗಿನ ಹೆಂಗಸರಿಗೆ ಮಾತ್ರ ಈ ಪ್ರಶ್ನೆ ಎಂದು ಲಗಮವ್ವ ತಿಳಿಸಿ ಹೇಳಿದಳು.

"ನಂದು ಏಳು," ಅಂದಳು ಸಾವಂತ್ರವ್ವ.

ಯಂಕಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ತಾಯಿಯ ಮುಖ ನೋಡಿದ. ಅವ್ವನಿಗೆ ನಾಲ್ಕು ಮಂದಿ ಮಕ್ಕಳೆಂದು ಊರಿಗೆಲ್ಲ ಗೊತ್ತು, ಅವನಿಗೆ ಗೊತ್ತಿದ್ದದ್ದೂ ಅಷ್ಟೇ. ಎರಡು ಗಂಡು, ಹುಟ್ಟಿದ ದಿನವೇ ಹೋದವು ಎಂದಳು ಮುದುಕಿ. ಅವಕ್ಕೂ ಮುಂಚೆ, ಎಲ್ಲಕ್ಕೂ ಮೊದಲನೆಯದು ಹೆಣ್ಣು. ಒಂಬತ್ತು ದಿನ ಇತ್ತು, ತಲೆ ತುಂಬ ಕೂದಲಿತ್ತು.

"ಅರವತ್ತು ವರ್ಷ ಆತು. ಒಬ್ಬರೂ ಕೇಳಿಲ್ಲ."

ಅವಳು ಅಳಲಿಲ್ಲ. ಹೇಳಿ ಹಗುರಾದವಳಂತೆ ಕಾಲು ಚಾಚಿ ಕುಳಿತಳು. ಪುಸ್ತಕ ತೆರೆಸಿದಳು. ಬರೆದು ಮುಗಿಯುವತನಕ ಬಿಡಲಿಲ್ಲ. ಕೂದಲಿನದು ಬರೆದೆಯೇನು ಎಂದು ಎರಡು ಸಲ ಕೇಳಿದಳು. ಲಗಮವ್ವ ಅದನ್ನೂ ಬರೆದಳು.

ಪುಸ್ತಕ ಕೇಂದ್ರಕ್ಕೆ ಕಳಿಸಿದ ವಾರದ ಮೇಲೆ ರೋಹಿಣಿಯ ಫೋನು ಬಂತು. ಲೆಕ್ಕ ಹತ್ತೊಂಬತ್ತಕ್ಕೆ ಬಂದಿದೆ, ಮರೋಳ ಅಧ್ಯಯನದಲ್ಲಿ ಉಳಿಯಿತು. ಹೆಚ್ಚಿನವು ಮೊದಲ ವಾರದಲ್ಲೇ ಹೋಗಿರುವುದು ಈಗ ಕಾಣಿಸಿದೆ. ಆ ವಾರ ಬಾಣಂತಿಯರ ಮನೆಗೆ ನರ್ಸು ದಿನಾಲೂ ಹೋಗಬೇಕೆಂದು ಕೇಂದ್ರದವರು ಬರೆದು ಕಳಿಸಿದ್ದಾರೆ. ಲಗಮವ್ವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಒಂದು ಸಾಲು ಮಾತ್ರ ತೆಗೆಯಬೇಕಾಗುತ್ತದೆ ಎಂದಳು ರೋಹಿಣಿ. ಎಂಬತ್ತು ವರ್ಷದವರದನ್ನು ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ.

"ಅದು ಒಲ್ಲೆ ಅಂದ್ರ ನೀವರ ತಗೋರಿ, ಮೇಡಮ್ಮಾರ. ಬರಕೊಂಡೇನಿ ಅಂತ ನಮ್ಮತ್ತಿಗೆ ಹೇಳೇನಿ."

ಆ ಕಡೆ ಹಾಳೆ ತಿರುವಿದ ಸಪ್ಪಳ ಕೇಳಿತು. ಆಮೇಲೆ ರೋಹಿಣಿ, ಮೊದಲನೆಯ ಕೂಸು ಹುಟ್ಟಿದ್ದು ಯಾವ ತಿಂಗಳಲ್ಲಿ ಎಂದು ಕೇಳಿದಳು. ಲಗಮವ್ವ ಫೋನನ್ನು ಅತ್ತೆಯ ಕೈಗೆ ಕೊಟ್ಟಳು.