ಬ್ರೇಕಿನ ಗಾಳಿ ತೆಗೆದ ರವಿವಾರ

ಕಾರಿನ ಬ್ರೇಕಿನಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಚಕ್ರದ ಪಕ್ಕ ನೆಲಕ್ಕೆ ಬಿದ್ದು, ಅಲ್ಲಿರುವ ಸಣ್ಣ ನಿಪ್ಪಲ್ ಸಡಿಲಿಸಿ, ಗುಳ್ಳೆ ಗುಳ್ಳೆಯಾಗಿ ಬರುವ ಆಯಿಲನ್ನು ಸಣ್ಣ ಪೈಪಿನಿಂದ ಬಾಟಲಿಗೆ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಮೇಲಿನವನು ಕಾಲೆತ್ತಿದನೋ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಅಲ್ಲಿಯವರೆಗೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ದನಿಯೊಂದೇ ಆಧಾರ. ಒತ್ತು. ಹಿಡಿ. ಬಿಡು. ಮೂರು ವರ್ಷ ನನ್ನ ಈ ಮಾತು ಕೇಳಿಕೊಂಡು ಒಬ್ಬ ಗೆಳೆಯ ಸೀಟಿನಲ್ಲಿ ಕೂತಿದ್ದ. ನನಗೆ ಇದ್ದದ್ದು ಅವನೊಬ್ಬನೇ.

ಮೊಬೈಲುಗಳು ಆಗಷ್ಟೇ ಎಲ್ಲರ ಕಿಸೆಗೆ ಬರುತ್ತಿದ್ದ ವರ್ಷಗಳು. ಹುಬ್ಬಳ್ಳಿಯ ತಾರಿಹಾಳದಲ್ಲಿ ನನ್ನದೊಂದು ಕಬ್ಬಿಣ ಕಡೆಯುವ ಲೇಥ್ ಶೆಡ್ಡು, ಗೋಕುಲ ರಸ್ತೆಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ನಲವತ್ತರ ಹತ್ತಿರ ಬಂದರೂ ಲಗ್ನವಾಗಿರಲಿಲ್ಲ. ಕನ್ಯೆ ನೋಡಲು ಕರೆದುಕೊಂಡು ಹೋಗಿ ಹೋಗಿ ಸಾಕಾದ ಸೋದರಮಾವ, ‘ಇಂವಾ ಆ ಕಾರಿಗೇ ತಾಳಿ ಕಟ್ಟ್ಯಾನ, ಬಿಡ್ರಿ ಅತ್ಲಾಗ’ ಎಂದು ಮಂದಿಯ ಮುಂದೆ ಹೇಳಿ ನಗುತ್ತಿದ್ದ. ಆ ಕಾರು ಗೋವಾದಿಂದ ತಂದದ್ದು, ಕೆಂಪು ಬಣ್ಣದ್ದು, ಎರಡೇ ಸೀಟು, ಮೇಲಿನ ಹೊದಿಕೆ ಬಿಚ್ಚಬಹುದು. ಹುಬ್ಬಳ್ಳಿಯ ಧೂಳಿನಲ್ಲಿ ಹೊದಿಕೆ ಬಿಚ್ಚಿ ಓಡಿಸುವವನು ಹುಚ್ಚನೇ ಇರಬೇಕು. ನಾನು ಓಡಿಸುತ್ತಿದ್ದೆ.

ಗೆಳೆಯ ಧಾರವಾಡದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು. ನನಗಿಂತ ಐದು ವರ್ಷ ಸಣ್ಣವನು. ಸ್ಕೂಟರಿಗೆ ಒಂದು ಬುಷ್ ಮಾಡಿಸಲು ಶೆಡ್ಡಿಗೆ ಬಂದವನು ಕಾರು ನೋಡಿ ನಿಂತ, ಆಮೇಲೆ ಪ್ರತಿ ರವಿವಾರ ಬರತೊಡಗಿದ. ಬರುವಾಗ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವನ ಅವ್ವ ನವಲಗುಂದದ ಕಡೆಯ ಹಳ್ಳಿಯಲ್ಲಿ ದೊಡ್ಡ ಮಗನ ಹತ್ತಿರ ಇದ್ದಳು. ಚಟ್ನಿ ಅವಳು ಕುಟ್ಟಿ ಕಳಿಸಿದ್ದು. ಒಮ್ಮೆ ‘ನಿನ್ನ ಮಷೀನಿನ ದೋಸ್ತಗ’ ಎಂದು ಬೇರೆಯೇ ಪೊಟ್ಟಣ ಕಟ್ಟಿ ಕೊಟ್ಟಿದ್ದಳಂತೆ. ನಾನು ಅವಳನ್ನು ನೋಡಿರಲೇ ಇಲ್ಲ.

ಚೆನ್ನೈ ಹತ್ತಿರ ರೇಸಿನ ಟ್ರ್ಯಾಕ್ ಒಂದಿದೆ. ಕೆಲವು ದಿನ ಅದನ್ನು ನಮ್ಮಂಥವರಿಗೂ ಬಿಡುತ್ತಾರೆ, ಸ್ವಂತ ಕಾರು ತಂದು ಮನಸಾರೆ ಓಡಿಸಬಹುದು. ನಾವಿಬ್ಬರೂ ಮೊದಲ ಸಲ ಹೋದೆವು. ಮೂರು ಸುತ್ತು ಸ್ವರ್ಗ. ನಾಲ್ಕನೆಯ ಸುತ್ತಿನಲ್ಲಿ ಉದ್ದನೆಯ ರಸ್ತೆ ಮುಗಿದು ತಿರುವು ಬಂದಾಗ ಬ್ರೇಕ್ ಒತ್ತಿದೆ. ಪೆಡಲ್ ಹಲಸಿನ ತೊಳೆಯ ಹಾಗೆ ಮೆತ್ತಗೆ ನೆಲಕ್ಕೆ ಹೋಯಿತು. ಕಾರು ನೇರ ಮಣ್ಣಿಗಿಳಿದು, ನಾಲ್ಕು ಮಾರು ಆಚೆ ನಿಂತಿತು. ಓಡಿ ಬಂದ ಗೆಳೆಯ ಮೊದಲು ನನ್ನನ್ನು ಮುಟ್ಟಿ ನೋಡಿದ, ಆಮೇಲೆ ಚಕ್ರ ಮುಟ್ಟಲು ಹೋಗಿ ಕೈ ಸುಟ್ಟುಕೊಂಡ.

‘ಅಣ್ಣಾ, ಇದು ಕಾರಿನ ತಪ್ಪಲ್ಲ. ಬ್ರೇಕ್ ಆಯಿಲ್ ಕುದ್ದೈತಿ. ಕುದ್ರ ಗುಳ್ಳಿ ಬರ್ತಾವ. ನೀ ಒತ್ತಿದ್ರ ಗುಳ್ಳಿ ಕುಗ್ಗತಾವ, ಬ್ರೇಕ್ ಎಲ್ಲಿಂದ ಹತ್ತಬೇಕು?’

‘ಮಾಸ್ತರಕಿ ಆಮ್ಯಾಲ ಮಾಡಲೇ, ಮೊದಲು ನೀರು ಕೊಡು’ ಎಂದೆ.

ಊರಿಗೆ ಬಂದ ಮೇಲೆ ಬ್ರೇಕ್ ಬದಲಿಸುವ ಕೆಲಸ ಹಿಡಿದೆವು. ದೊಡ್ಡ ಕಾರೊಂದರ ದಪ್ಪ ಬ್ರೇಕ್ ಡಿಸ್ಕುಗಳನ್ನು ಗುಜರಿಯಿಂದ ತಂದೆವು. ನಡುವೆ ಗಾಳಿಯಾಡಲು ಕಿಂಡಿಗಳಿದ್ದಂಥವು, ಬೇಗ ತಣ್ಣಗಾಗುತ್ತವೆ. ಅವನ್ನು ಲೇಥಿಗೆ ಕಟ್ಟಿ ಮೈ ನಯ ಮಾಡಿದೆ. ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ನಮ್ಮ ಕಾರಿಗೆ ಕೂಡಲಿಲ್ಲ. ಅದಕ್ಕೊಂದು ಕಬ್ಬಿಣದ ಬ್ರಾಕೆಟ್ ಬೇಕಾಯಿತು. ಎರಡು ಕೆಡಿಸಿದೆ, ಮೂರನೆಯದು ಕೂತಿತು. ಕೂತಿತಲ್ಲ ಎಂದು ಕುಣಿದು ಚಕ್ರ ಹಾಕಲು ಹೋದರೆ ಚಕ್ರ ಒಳಗೆ ತಿಕ್ಕುತ್ತದೆ! ಮತ್ತೆ ದೊಡ್ಡ ಚಕ್ರ ಹುಡುಕು. ಹೀಗೆ ಬೇಸಿಗೆ ಹೋಗಿ ಮಳೆಗಾಲ ಬಂತು. ಆ ರವಿವಾರಗಳಲ್ಲಿ ನಾನು ಇದ್ದಷ್ಟು ಖುಷಿಯಾಗಿ ಬೇರೆ ಯಾವಾಗಲೂ ಇರಲಿಲ್ಲ. ಆಗ ಅದನ್ನು ಅವನಿಗೆ ಹೇಳಬೇಕು ಅಂತ ಹೊಳೆಯಲಿಲ್ಲ.

ಶ್ರಾವಣದ ಹೊತ್ತಿಗೆ ಅವನು ರವಿವಾರ ತಪ್ಪಿಸತೊಡಗಿದ. ಅವ್ವನಿಗೆ ದಮ್ಮು ಹತ್ತುತ್ತಿದೆ, ಊರಿಗೆ ಹೋಗಬೇಕು ಎನ್ನುತ್ತಿದ್ದ. ಮೊದಲ ಸಲ ‘ಹೋಗಿ ಬಾ’ ಎಂದೆ. ಎರಡನೆಯ ಸಲ ಸುಮ್ಮನಿದ್ದೆ. ಮೂರನೆಯ ಸಲ ಇಡೀ ದಿನ ಶೆಡ್ಡಿನಲ್ಲಿ ಒಬ್ಬನೇ ಕೂತು ನಟ್ಟು ಬಿಗಿಯುವ ಪಾನಾಗಳನ್ನು ಒರೆಸಿ ಒರೆಸಿ ಇಟ್ಟೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುವಂಥದ್ದು. ಒಂಟಿಯಾಗಿ ಕೂತರೆ ಅದು ಇನ್ನೂ ಬೆಳೆಯುತ್ತದೆ.

ಆಮೇಲಿನ ರವಿವಾರ ಬಂದ. ಮುಖ ಬಾಡಿತ್ತು, ಡಬ್ಬಿ ತಂದಿರಲಿಲ್ಲ. ‘ಗಾಳಿ ತಗದು ಲಗೂ ಹೋಗ್ತೇನಣ್ಣಾ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಬೇಕು’ ಎಂದ. ‘ಬರೂದರಾಗ ಹೋಗೂ ಮಾತು’ ಎಂದು ಗೊಣಗಿ ನಾನು ನೆಲಕ್ಕಿಳಿದೆ. ಮೂರು ಚಕ್ರ ಮುಗಿಯಿತು. ನಾಲ್ಕನೆಯದಕ್ಕೆ ಬಂದಾಗ ಅವನ ಕಿಸೆಯ ಮೊಬೈಲು ಹೊಡೆದುಕೊಳ್ಳತೊಡಗಿತು.

‘ಅಣ್ಣಾ...’

‘ಕಾಲು ತಗದಿ ಅಂದ್ರ ನೋಡ ಮತ್ತ! ಹಿಡಿ!’

ಹಿಡಿದ. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ನಾನು ಬೇಕೆಂತಲೇ ನಿಧಾನ ಮಾಡಿದೆ, ಈಗ ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಶುರುವಾಯಿತು. ಈ ಸಲ ಅವನು ಕಾಲೆತ್ತಿದ. ನಿಪ್ಪಲ್ ಇನ್ನೂ ಸಡಿಲಿತ್ತು. ಬಾಟಲಿಯ ಪೈಪಿನೊಳಗೆ ಗಾಳಿ ಸೊರ್ರನೆ ಮೇಲಕ್ಕೆ ಹೋದದ್ದು ಕಣ್ಣೆದುರಿಗೇ ಕಂಡಿತು.

ಎದ್ದವನೇ ಪಾನಾ ನೆಲಕ್ಕೆ ಒಗೆದು ಒದರಿದೆ: ‘ಏನಲೇ, ನಿಮ್ಮವ್ವ ಇವತ್ತ ಸಾಯ್ತಾಳೇನು?’

ಅವನು ಫೋನನ್ನು ಕಿವಿಗೆ ಹಿಡಿದಿದ್ದ. ನನ್ನನ್ನು ನೋಡಿದ. ಬಟ್ಟೆಯಿಂದ ಕೈ ಕೂಡ ಒರೆಸಿಕೊಳ್ಳದೆ ಸ್ಕೂಟರು ಹತ್ತಿ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೊತ್ತಿಲ್ಲದೆ ಏನು? ಆಡಬಾರದ್ದು ಆಡಿದೆನೆಂದು ಆ ಸಂಜೆಯೇ ಗೊತ್ತಾಗಿತ್ತು. ಫೋನು ಹಚ್ಚಲು ನಾಲ್ಕು ಸಲ ಕೈಗೆ ತೆಗೆದುಕೊಂಡು ನಾಲ್ಕು ಸಲ ಇಟ್ಟೆ. ದಸರೆ ಬರುತ್ತದೆ, ಬನ್ನಿಗೆ ಬಂದೇ ಬರುತ್ತಾನೆ, ಆಗ ಎಲ್ಲ ಸರಿಯಾಗುತ್ತದೆ ಅಂದುಕೊಂಡೆ. ನಮ್ಮ ಕಡೆ ಅದು ಹಾಗೇ. ವರ್ಷವಿಡೀ ಮಾತು ಬಿಟ್ಟವರೂ ದಸರೆಯ ಸಂಜೆ ಬನ್ನಿ ಎಲೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂದರೆ ಮುಗಿಯಿತು, ಹಳೆಯದನ್ನು ಯಾರೂ ಕೆದಕುವುದಿಲ್ಲ. ಆದರೆ ಸಣ್ಣವರು ಹಿರಿಯರ ಮನೆಗೆ ಬರಬೇಕು. ಅವನು ಸಣ್ಣವನು, ಎರಡು ವರ್ಷ ತಪ್ಪದೆ ಬಂದು ಕಾಲು ಮುಟ್ಟಿದ್ದ. ಬರಲಿ, ನಾನೇ ಅಪ್ಪಿಕೊಂಡು ತಪ್ಪಾಯಿತು ಅನ್ನುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ. ಧಾರವಾಡಕ್ಕೆ ಹೋಗಿ ಪೇಢೆ ತಂದೆ. ಅವನ ಮನೆಯ ಓಣಿಯ ಮುಂದಿನಿಂದಲೇ ಹಾದು ಬಂದೆ, ಒಳಗೆ ಮಾತ್ರ ಹೊರಳಲಿಲ್ಲ. ಹಿರಿತನ, ಹಿರಿತನ!

ದಸರೆಯ ಸಂಜೆ ಓಣಿಯ ಹುಡುಗರೆಲ್ಲ ಬಂದು ಬನ್ನಿ ಕೊಟ್ಟು ಹೋದರು. ಮನೆಯ ಮಾಲೀಕರ ಸೊಸೆ ಬಂದು ‘ಯಾರ್ನ ಕಾಯಾಕತ್ತೀರ್ರಿ?’ ಎಂದಳು. ‘ಯಾರನ್ನೂ ಇಲ್ಲ’ ಎಂದೆ. ಸ್ಕೂಟರಿನ ಸಪ್ಪಳ ಆದಾಗೆಲ್ಲ ಬಾಗಿಲಿಗೆ ಹೋದೆ. ಅವನು ಬರಲಿಲ್ಲ. ಬನ್ನಿಗೂ ಬಾರದವನು ಇನ್ನು ಯಾವಾಗ ಬರುತ್ತಾನೆ? ಕಡಿದುಹೋಯಿತು ಅಂದುಕೊಂಡೆ. ಪೇಢೆ ತಿನ್ನಲಾಗದೆ ಮಾಲೀಕರ ಮನೆಗೆ ಕೊಟ್ಟೆ.

ಗಾಳಿಯನ್ನು ಒಬ್ಬನೇ ತೆಗೆದೆ. ಸೀಟಿಗೂ ಪೆಡಲಿಗೂ ನಡುವೆ ಕಟ್ಟಿಗೆಯ ತುಂಡು ಸಿಗಿಸುವುದು, ಇಳಿದು ಬಂದು ನೆಲಕ್ಕೆ ಬೀಳುವುದು, ನಿಪ್ಪಲ್ ಬಿಚ್ಚಿ ಬಿಗಿಯುವುದು, ಎದ್ದು ಹೋಗಿ ಕಟ್ಟಿಗೆ ತೆಗೆಯುವುದು. ಒಂದು ಗುಳ್ಳೆಗೆ ಒಂದು ಪ್ರದಕ್ಷಿಣೆ. ಸಂಜೆಯ ಹೊತ್ತಿಗೆ ಮೊಣಕಾಲು ಸುಲಿದಿದ್ದವು. ಚಳಿಗಾಲದಲ್ಲಿ ಚೆನ್ನೈಗೂ ಒಬ್ಬನೇ ಹೋದೆ. ಬ್ರೇಕು ಏನು ಹಿಡಿದವು ಅಂತೀರಿ! ಹತ್ತು ಸುತ್ತು, ಹದಿನೈದು ಸುತ್ತು, ಪೆಡಲ್ ಕಲ್ಲಿನಂತೆ ಗಟ್ಟಿ. ಮೊದಲು ಮಣ್ಣಿಗಿಳಿದಿದ್ದ ತಿರುವಿನಲ್ಲಿ ಎಲ್ಲರಿಗಿಂತ ತಡವಾಗಿ ಒತ್ತಿ, ಎಲ್ಲರಿಗಿಂತ ಮೊದಲು ಹೊರಬಿದ್ದೆ. ಇಳಿದು ಹೆಲ್ಮೆಟ್ ತೆಗೆದು, ‘ಹತ್ತಿದುವಲೇ!’ ಅಂತ ಕೂಗಬೇಕೆಂದು ಬಾಯಿ ತೆರೆದೆ. ಪಕ್ಕದಲ್ಲಿ ತಮಿಳು ಮಾತಾಡುವ ಮಂದಿ ತಮ್ಮ ತಮ್ಮ ಕಾರುಗಳ ಸುತ್ತ ನಿಂತಿದ್ದರು. ನನಗೆ ಅಳು ಬಂತು. ಮಧ್ಯಾಹ್ನದ ಸರದಿ ಬಿಟ್ಟು ಊರಿನ ದಾರಿ ಹಿಡಿದೆ.

ಬಂದ ವಾರವೇ ಬ್ರೇಕ್ ಆಯಿಲ್ ತರಲು ಸ್ಪೇರ್ ಪಾರ್ಟ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಕಾಕಾ ನಮ್ಮಿಬ್ಬರನ್ನೂ ಬಲ್ಲವರು. ‘ನಿಮ್ಮ ಮಾಸ್ತರ ಹ್ಯಾಂಗದಾರ್ರಿ ಈಗ? ಅವ್ವ ಹೋದ ಮ್ಯಾಲ ಭಾಳ ಸೊರಗ್ಯಾರ’ ಎಂದರು.

‘ಯಾವಾಗ ಹೋದ್ರು?’

‘ಶ್ರಾವಣದಾಗ! ನಿಮಗ ಗೊತ್ತಿಲ್ಲೇನ್ರಿ?’ ಕಾಕಾ ಡಬ್ಬಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ‘ಸಾವಾದ ಮನಿ. ವರ್ಷದ ಮಟಾ ಹಬ್ಬ ಇಲ್ಲ, ಬನ್ನಿ ಇಲ್ಲ. ನಾವ ಹೋಗಿ ಮಾತಾಡ್ಸಿ ಬಂದ್ವಿ.’

ಸಾವಾದ ಮನೆಯವರು ಆ ವರ್ಷ ಬನ್ನಿ ಹಂಚುವುದಿಲ್ಲ ಎಂಬುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಬಾರದವನ ಮನೆಯಲ್ಲಿ ಏನಾಗಿದೆಯೋ ಎಂದು ಯಾರಿಗಾದರೂ ಮೊದಲು ಅನಿಸುವುದು ಅದೇ. ನನಗೊಬ್ಬನಿಗೆ ಅನಿಸಲಿಲ್ಲ. ಪೇಢೆ ಇಟ್ಟುಕೊಂಡು ಕಾಲು ಮುಟ್ಟಿಸಿಕೊಳ್ಳಲು ಕಾಯುತ್ತಾ ಕೂತಿದ್ದೆ.

ಅಂಗಡಿಯಿಂದ ಸೀದಾ ಧಾರವಾಡಕ್ಕೆ ಹೋದೆ. ಅವನೇ ಬಾಗಿಲು ತೆರೆದ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ‘ಬಾ ಅಣ್ಣಾ’ ಎಂದು ಒಳಗೆ ಕರೆದು, ಅಡಿಗೆಮನೆಯಲ್ಲಿದ್ದ ಹೆಂಡತಿಗೆ ಚಹಾ ಇಡಲು ಹೇಳಿದ. ನಾನು ಕೂಡಲಿಲ್ಲ. ನಿಂತುಕೊಂಡೇ, ‘ನಾ ಅವತ್ತ ಅಂದ ಮಾತಿಗೆ ಚಪ್ಪಲಿ ತಗೊಂಡು ಹೊಡಿ’ ಎಂದೆ.

‘ನಾ ಬರೂದು ಬಿಟ್ಟಿದ್ದು ಆ ಮಾತಿಗೆ ಅಲ್ಲಣ್ಣಾ’ ಎಂದ. ‘ಅವತ್ತ ಎರಡು ಸಲ ಫೋನು ಬಂತಲ್ಲ. ಮೊದಲನೇದ್ದು ಅವ್ವಂದು. ಮಾತಾಡ್ತೇನಿ ಅಂದಿದ್ಲಂತ, ನಮ್ಮ ಅಣ್ಣ ಹಚ್ಚಿ ಅಕಿ ಕಿವಿಗೆ ಹಿಡಿದಿದ್ದ. ಎರಡನೇ ಸಲ ಹಚ್ಚೂದರಾಗ ಅಕಿ ಮಾತು ನಿಂತಿತ್ತು. ನಾ ಮುಟ್ಟೂದರಾಗ ಹೋಗೇ ಬಿಟ್ಟಿದ್ಲು.’

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

‘ನಿನ್ನ ಮ್ಯಾಲ ಸಿಟ್ಟಿಲ್ಲ, ಖರೇನ ಹೇಳ್ತೇನಿ. ನೀ ಹಿಡಿ ಅಂದಿ, ನಾ ಹಿಡದೆ. ಕಾಲು ಎತ್ತಬೇಕಾಗಿತ್ತು ನಾ. ಆದ್ರ ನಿನ್ನ ದನಿ ಕೇಳಿದ್ರ ಆ ಫೋನು ಕಿವ್ಯಾಗ ಹೊಡ್ಕೊಂತೈತಿ. ಈಗೂ ಹೊಡ್ಕೊಳ್ಳಾಕತ್ತೈತಿ.’ ಅವನು ಎದ್ದು ನನ್ನನ್ನು ಕಳಿಸಲು ಬಾಗಿಲ ತನಕ ಬಂದ. ‘ನೀ ಬರಬ್ಯಾಡ ಅಣ್ಣಾ ಇನ್ನ.’

ಸಿಟ್ಟಿದ್ದಿದ್ದರೆ ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದೆ. ದಿನಾ ಬಂದು ಬೈಸಿಕೊಂಡು ಹೋಗುತ್ತಿದ್ದೆ. ಸಿಟ್ಟೇ ಇಲ್ಲ ಅಂದವನ ಹತ್ತಿರ ಏನಂತ ಬೇಡುವುದು? ‘ಆತು’ ಎಂದೆ. ಅದನ್ನೂ ಮೆಲ್ಲಗೆ ಅಂದೆ, ನನ್ನ ದನಿ ಅವನಿಗೆ ಕೇಳಬಾರದೆಂದು.