ರೊಟ್ಟಿ ನಮ್ಮದು, ಕೈ ಬೇರೆಯವರದು

ನಮ್ಮ ಮನೆಗೆ ಇಂಗ್ಲಿಷ್ ಪತ್ರ ಯಾವುದೇ ಬರಲಿ, ಅದು ನೇರ ಅಡುಗೆಮನೆಗೆ ಬರುತ್ತಿತ್ತು. ವಿಮೆಯ ನೋಟೀಸು, ಮಿಕ್ಸರಿನ ಗ್ಯಾರಂಟಿ ಕಾರ್ಡು, ಪಕ್ಕದ ಮನೆಯವರ ಮಗನ ಕಾಲೇಜಿನ ಕಾಗದ, ಎಲ್ಲವನ್ನೂ ನಾನೇ ಓದಿ ಹೇಳಬೇಕು, ಉತ್ತರವನ್ನೂ ನಾನೇ ಬರೆಯಬೇಕು. ಸೊಲ್ಲಾಪುರದ ಸಿಸ್ಟರುಗಳ ಶಾಲೆಯಲ್ಲಿ ಕಲಿತದ್ದಕ್ಕೆ ಮದುವೆಯಾಗಿ ಎಷ್ಟು ವರ್ಷ ಕಳೆದರೂ ನಾನು ಈ ಮನೆಯವರಿಗೆ ‘ಕಾನ್ವೆಂಟಿನಾಕಿ’ಯೇ. ಅದು ಹೊಗಳಿಕೆಯೋ ಕೊಂಕೋ ಕೇಳುವ ಉಮೇದು ಆಗಲೇ ಹೋಗಿತ್ತು. ಆ ಮಧ್ಯಾಹ್ನವೂ ಯಜಮಾನರು ಅಂಗಡಿಯಿಂದ ಒಂದು ಲಕೋಟೆ ತಂದು, ಹುಣಸೆಹಣ್ಣು ಕಿವುಚುತ್ತಿದ್ದ ನನ್ನ ಪಕ್ಕ ಕಟ್ಟೆಯ ಮೇಲಿಟ್ಟರು. ಕೈ ಒರೆಸಿಕೊಂಡು ಬಿಡಿಸಿದೆ.

ಮುಂಬೈಯಿಂದ ಒಬ್ಬ ಹೆಂಗಸು ಬರೆದಿದ್ದರು. ಫೋಟೊ ತೆಗೆಯುವುದು ಅವರ ಕಸುಬು. ನಮ್ಮ ಅಂಗಡಿಯ ವೆಬ್‌ಸೈಟಿನಲ್ಲಿರುವ ಚಿತ್ರ, ಹಸಿರು ಬಳೆಯ ಕೈಯೊಂದು ರೊಟ್ಟಿ ಬಡಿಯುವ ಚಿತ್ರ, ತಾವು ತೆಗೆದದ್ದು ಎಂದು ಬರೆದಿದ್ದರು. ಅದು ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಗಿತ್ತು. ತಮ್ಮನ್ನು ಯಾರೂ ಕೇಳಿಲ್ಲ. ದುಡ್ಡು ಬೇಡ, ತೆಗೆದುಹಾಕಿದರೆ ಸಾಕು. ಕೊನೆಗೆ ಒಂದು ಮಾತು ಸೇರಿಸಿದ್ದರು: ಆ ಕೈ ನನ್ನ ಚಿಕ್ಕಮ್ಮನದು, ಅವಳು ನಮ್ಮ ಮನೆಗಾಗಿ ರೊಟ್ಟಿ ಬಡಿದಿದ್ದಾಳೆ, ನಿಮ್ಮ ಅಂಗಡಿಗೆ ಎಂದೂ ಬಡಿದಿಲ್ಲ.

ಯಜಮಾನರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಬಾಗಿಲ ಚೌಕಟ್ಟಿನ ಸುಣ್ಣ ಕೆರೆಯುತ್ತ ನಿಂತು ಕೇಳಿದರು.

ಸೊಲ್ಲಾಪುರದಲ್ಲಿ ನಮ್ಮದು ಸಣ್ಣ ಅಂಗಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದೆವು. ಚಟ್ನಿ ಊರಲ್ಲೇ ಕುಟ್ಟಿಸುತ್ತಿದ್ದೆವು. ರೊಟ್ಟಿ ಮಾತ್ರ ದಿನಾ ಬೆಳಿಗ್ಗೆ ಅಕ್ಕಲಕೋಟದಿಂದ ಎಸ್‌ಟಿ ಬಸ್ಸಿನಲ್ಲಿ, ಹಳೆಯ ಧೋತರ ಹಾಸಿದ ಬುಟ್ಟಿಯಲ್ಲಿ ಬರುತ್ತಿತ್ತು. ಅಲ್ಲಿಯ ನಮ್ಮ ಮನೆಯಲ್ಲಿ ಅದನ್ನು ಬಡಿಯುತ್ತಿದ್ದವರು ನನ್ನ ನೆಗೆಣ್ಣಿ, ಯಜಮಾನರ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ. ಮೈಂದರ್ಗಿಯ ಹೆಣ್ಣುಮಗಳು. ಗಂಡ ತೀರಿಹೋದ ಮೇಲೆ ತವರಿಗೆ ಹೋಗದೆ ಒಲೆಯ ಮುಂದೆ ಕೂತವರು. ಅವರ ರೊಟ್ಟಿ ಹಪ್ಪಳದಷ್ಟು ತೆಳು, ಅಂಚು ಎಲ್ಲಿಯೂ ಒಡೆದಿರುತ್ತಿರಲಿಲ್ಲ. ಅಂಗಡಿಗೆ ಹೆಸರು ಬಂದದ್ದೇ ಆ ರೊಟ್ಟಿಯಿಂದ.

ವೆಬ್‌ಸೈಟಿನ ಕತೆ ಶುರುವಾದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಓಣಿಯಲ್ಲಿ ಕಂಪ್ಯೂಟರ್ ಕ್ಲಾಸು ತೆಗೆದವನೊಬ್ಬ, ದೇವರ ದರ್ಶನಕ್ಕೆ ಬರುವ ಪುಣೆ ಮುಂಬೈಯ ಜನ ಊರಿಗೆ ಹೋದ ಮೇಲೂ ನಿಮ್ಮ ಅಂಗಡಿ ನೋಡಬಹುದು ಎಂದು ಯಜಮಾನರನ್ನು ಒಪ್ಪಿಸಿದ. ಅವನು ಮೊದಲು ಕಟ್ಟಿದ ಪುಟವನ್ನು ನೋಡಲು ನಾನೂ ಹೋಗಿದ್ದೆ. ಅದರಲ್ಲಿ ನಮ್ಮ ಅಜ್ಜಂದಿರ ಕಾಲದ ಕಲ್ಲಿನ ಭಟ್ಟಿ, ಹಿಮಬೆಟ್ಟದ ಗೋಧಿ, ಬೆಣ್ಣೆಯ ಪರಿಮಳ ಎಂದೆಲ್ಲ ಸೊಗಸಾದ ಇಂಗ್ಲಿಷಿತ್ತು. ಯಾವುದೋ ಪರದೇಶದ ಬ್ರೆಡ್ಡಿನವರ ಮಾತು. ಕಂಪನಿಯ ಹೆಸರು ತೆಗೆದು ನಮ್ಮ ಹೆಸರು ಕೂಡಿಸಿದ್ದ. ಇದು ನಮ್ಮದಲ್ಲವಲ್ಲ ಎಂದೆ.

“ವೈನಿ, ಇಂಟರ್ನೆಟ್‌ದಾಗ ಇದ್ದದ್ದು ಸರಕಾರಿ ನಳ ಇದ್ದಂಗ್ರಿ,” ಎಂದ, ಅತ್ತಿಗೆಗೆ ಹೇಳುವ ಸಲಿಗೆಯಲ್ಲಿ. “ಯಾರ ಕೊಡ ಒಯ್ದರೂ ತುಂಬತದ.”

ಆ ಗೋಧಿಯನ್ನೂ ಹಿಮವನ್ನೂ ಅಳಿಸಿ, ಜೋಳ, ಬಿಸಿನೀರು, ಅಂಗೈ ಎಂದು ನಾನೇ ನಾಲ್ಕು ಸಾಲು ಬರೆದುಕೊಟ್ಟೆ. ಚಿತ್ರದ ಕತೆ ಬೇರೆ. ಅದಕ್ಕಾಗಿ ಯಜಮಾನರು ಅಕ್ಕಲಕೋಟಕ್ಕೆ ಹೋಗಿ ಅಕ್ಕ ರೊಟ್ಟಿ ಬಡಿಯುವುದನ್ನು ಫೋಟೊ ತೆಗೆದು ತಂದಿದ್ದರು. ಹಿಟ್ಟು ಮೆತ್ತಿದ ಬೆರಳು, ಬಾಗಿದ ಮಣಿಕಟ್ಟು, ಪಕ್ಕದಲ್ಲಿ ಹೊಗೆಯ ಎಳೆ. ಚೆನ್ನಾಗಿ ಬಂದಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

“ಅಂಗಡಿ ಮ್ಯಾಲ ಬರಿ ಕೈ ತೋರಸ್ತೀರೇನು? ಲಕ್ಷ್ಮಿ ಬರೂ ಜಾಗಾ ಅದು.”

ಹಾಗೆಂದು ಫೋಟೊಗಳನ್ನು ಹಿಂದೆ ಕೊಟ್ಟ ಅವರ ಕೈಯಲ್ಲೂ ಬಳೆಯಿರಲಿಲ್ಲ. ಮಾವನವರು ಹೋಗಿ ಬಹಳ ಕಾಲವಾಗಿತ್ತು. ಅದನ್ನು ನಾನು ನೋಡಿದೆ, ಯಜಮಾನರೂ ನೋಡಿರಬೇಕು. ಕ್ಲಾಸಿನವನು ಪತ್ರಿಕೆಯೊಂದರಿಂದ ಹಸಿರು ಬಳೆಯ ಕೈಯನ್ನು ಸ್ಕ್ಯಾನ್ ಮಾಡಿ ಹಾಕಿದ. ಅಕ್ಕ ತನ್ನ ಫೋಟೊ ಏನಾಯಿತು ಎಂದು ಕೇಳಿದಾಗ, ಬೆಳಕು ಸಾಲಲಿಲ್ಲ ವೈನಿ ಎಂದು ಯಜಮಾನರು ಹೇಳಿದರು.

ಈಗ ಆ ಕೈಯ ಒಡತಿ ಸಿಕ್ಕಿದ್ದಳು. ಕ್ಷಮಿಸಿ, ತೆಗೆದುಹಾಕುತ್ತೇವೆ ಎಂದು ಅಂದೇ ಮುಂಬೈಗೆ ಉತ್ತರ ಬರೆದೆ. ಚಿತ್ರ ಅಳಿಸಿದರೆ ಆ ಜಾಗಕ್ಕೆ ಏನು ಹಾಕುವುದು? ಊಟಕ್ಕೆ ಕೂತಾಗ ಅತ್ತೆಯೇ ದಾರಿ ಹುಡುಕಿದರು. ಕದ್ದದ್ದು ಬ್ಯಾಡಂದ್ರ ಮನಿಯಾಗ ಬಳಿ ಹಾಕ್ಕೊಂಡ ಸೊಸಿ ಇಲ್ಲೇನು ಎಂದರು. ನನಗೆ ನೆಟ್ಟಗೆ ರೊಟ್ಟಿ ಬಡಿಯಲು ಬಾರದು ಎಂಬುದು ಎಲ್ಲರಿಗೂ ಗೊತ್ತಿದ್ದ ಹಳೆಯ ನಗೆಚಾಟಿಕೆ. ವಾದ ಮಾಡಲು ಬೇಸರವಾಗಿತ್ತು. ಭಾನುವಾರ ಎರಡು ಡಜನ್ ಹಸಿರು ಬಳೆ ಏರಿಸಿಕೊಂಡು ಯಜಮಾನರ ಜೊತೆ ಬಸ್ಸು ಹತ್ತಿದೆ. ವಳಸಂಗ ದಾಟುವವರೆಗೂ ಅವರು ಕ್ಯಾಮೆರಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಅಕ್ಕನಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ನೋಡೋಣು ಎಂದರು.

ಅಕ್ಕ ನಮಗೆ ಚಹಾ ಕೊಟ್ಟು ಮತ್ತೆ ಒಲೆಯ ಮುಂದೆ ಕೂತರು. ಕೆಲಸದ ಹೆಂಗಸರಿಬ್ಬರು ಬೆಂದ ರೊಟ್ಟಿಗಳನ್ನು ಗೋಡೆಗೆ ಆನಿಸಿ ಒಣಗಿಸುತ್ತಿದ್ದರು. ಯಜಮಾನರು ಗೋಡೆ ನೋಡುತ್ತ ವಿಷಯ ಹೇಳಿದರು: ಮುಂಬೈಯ ಪತ್ರ, ಹಳೆಯ ಚಿತ್ರ ಅಳಿಸಬೇಕಾದದ್ದು, ಅದರ ಬದಲಿಗೆ ಇವಳನ್ನು ಕೂರಿಸಿ ಒಂದು ಫೋಟೊ. ಅಕ್ಕ ಏನೂ ಕೇಳದೆ ಸರಿದು ತಾವು ಕೂತಿದ್ದ ಮಣೆಯನ್ನು ನನಗೆ ಬಿಟ್ಟುಕೊಟ್ಟರು. ಮಣೆ ಇನ್ನೂ ಬೆಚ್ಚಗಿತ್ತು.

ನಾನು ಬಡಿದೆ. ಅಂಚು ಒಡೆಯಿತು. ಮತ್ತೆ ಉಂಡೆ ಕಟ್ಟಿ ಬಡಿದೆ. ಬಳೆಗಳು ಜಾರಿ ಹಿಟ್ಟಿನಲ್ಲಿ ಅರ್ಧಚಂದ್ರ ಮೂಡಿಸಿದವು.

“ಕಾನ್ವೆಂಟಿನ ಬಾಯಾರ ಕೈ ಪೆನ್ ಹಿಡಿಲಿಕ್ಕೆ ಮಾಡಿದ್ದದ,” ಎಂದಳು ಕೆಲಸದವಳೊಬ್ಬಳು. ನಾನೂ ನಕ್ಕೆ. ಬಿಸಿನೀರಿಗೆ ಅಂಗೈ ಕೆಂಪಾಗಿತ್ತು.

ಯಜಮಾನರು ಕ್ಯಾಮೆರಾ ಇಳಿಸಿದರು. “ವೈನಿ, ನೀವು ಬಡದ ರೊಟ್ಟಿನ ಅಕಿ ಕೈ ಕೆಳಗ ಇಡ್ರಿ. ಫೋಟೊದಾಗ ತಿಳಿಯಂಗಿಲ್ಲ.”

ಅಗಲ ತಟ್ಟೆಯಂಥ ಇನ್ನೊಂದು ಪರಾತ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದ ಅಕ್ಕನ ಮುಂದೆ ಅಷ್ಟರಲ್ಲಿ ಒಂದು ರೊಟ್ಟಿ ಬಡಿದು ಮುಗಿದಿತ್ತು, ಹುಣ್ಣಿಮೆಯ ಹಾಗೆ ಗುಂಡಗೆ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕಿಬಿಟ್ಟರು. ಅರಿವೆ ಅದ್ದಿ ಮೇಲೆ ನೀರು ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಆ ಮುಂಬೈ ಬಾಯಿ ಕಾಗದದಾಗ ಏನೇನು ಬರೆದಾಳ, ಎಲ್ಲಾ ಹೇಳು ಎಂದರು. ಚಿಕ್ಕಮ್ಮನ ಮಾತನ್ನೂ ಬಿಡದೆ ಹೇಳಿದೆ. ಅಕ್ಕ ರೊಟ್ಟಿ ತಿರುವಿ ಹಾಕಿದರು. ದನಿ ಏರಲಿಲ್ಲ.

“ತನ್ನ ಕಾಕೂನ ಕೈ ಕೇಳದ ತೊಗೊಂಡ್ರು ಅಂತ ಅಕಿ ಮುಂಬೈದಿಂದ ಬರದಾಳ. ನಾ ಇಲ್ಲೇ ಎದುರ ಕುಂತೀನಿ. ನನ್ನ ರೊಟ್ಟಿ ತೊಗೊಳೂ ಮುಂದ ನನ್ನ ಕೇಳೂದು ಬ್ಯಾಡೇನ್ರಿ?”

ಕೆಲಸದ ಹೆಂಗಸರು ಒಣಗಿದ ರೊಟ್ಟಿಗಳನ್ನು ಎತ್ತಿಕೊಂಡು ಹೊರಗೆ ಹೋದರು. ಕಿಟಕಿಯಿಂದ ಬಿಸಿಲಿನ ಪಟ್ಟಿಯೊಂದು ಸರಿಯಾಗಿ ಪರಾತದ ಮೇಲೆ ಬಿದ್ದಿತ್ತು. ಬೆಳಕಿನ ನೆಪ ಹೇಳಲು ಅಲ್ಲಿ ಜಾಗವಿರಲಿಲ್ಲ.

“ನಿಮ್ಮ ಕೈದೇ ತಗೀಲೇನ್ರಿ, ವೈನಿ?” ಎಂದರು ಯಜಮಾನರು.

“ತಗೀರಿ. ಖರೆ, ನಿಮ್ಮ ಅವ್ವಗ ತೋರಿಸಿ ಹಾಕ್ರಿ. ಕಳವಿಲೆ ಹಾಕಬ್ಯಾಡ್ರಿ.”

ನಾನು ಮಣೆ ಬಿಟ್ಟು ಎದ್ದೆ. ಅಕ್ಕ ಸೆರಗು ಸರಿಮಾಡಿಕೊಂಡು ಕೂತು, ಎಂದಿನಂತೆಯೇ ಬಡಿಯತೊಡಗಿದರು. ಯಜಮಾನರು ರೀಲು ಮುಗಿಯುವ ತನಕ ತೆಗೆದರು.

ಪ್ರಿಂಟು ಬಂದ ದಿನ ಯಜಮಾನರು ಅವನ್ನು ತಾವಾಗಿ ಒಯ್ದು ಅತ್ತೆಯ ಮುಂದಿಟ್ಟರು. ಅಷ್ಟು ಮಾಡಿದ್ದೇ ಅವರ ಮಟ್ಟಿಗೆ ದೊಡ್ಡದು. ಅದನ್ನು ನಾನು ಒಪ್ಪಬೇಕು. ಅತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದರು. ಒಂದರ ಮೇಲೆ ಹೆಬ್ಬೆರಳಿಂದ ಧೂಳು ಒರೆಸಿದರು, ಧೂಳಿರಲಿಲ್ಲ. “ಚಂದ ಬಂದಾವ,” ಎಂದರು. ಅವನ್ನು ಒಟ್ಟುಗೂಡಿಸಿ, “ಮನಿಯಾಗ ಇರಲಿ. ಅಂಗಡೀಗೆ ಬ್ಯಾಡ,” ಎಂದು ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಯಜಮಾನರು ಎದುರಾಡಲಿಲ್ಲ. ನನ್ನ ಕೈಯ ಫೋಟೊದ ಮಾತನ್ನೂ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಬಳೆಗಳು ಒಂದೊಂದಾಗಿ ಪಾತ್ರೆ ತಿಕ್ಕುವಾಗ ಒಡೆದುಹೋದವು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಕಣ್ಣು ತೋರಿಸಲು ಸೊಲ್ಲಾಪುರಕ್ಕೆ ಬಂದರು. ಆಸ್ಪತ್ರೆಯಿಂದ ಬರುತ್ತ, ಆ ವೆಬ್‌ಸೈಟ್ ಅಂದ್ರ ಏನದು, ಒಮ್ಮೆ ತೋರಿಸು ತಂಗಿ ಎಂದರು. ಓಣಿಯ ಕ್ಲಾಸಿಗೆ ಕರೆದುಕೊಂಡು ಹೋದೆ. ಪುಟ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅಂಗಡಿಯ ಹೆಸರು ಬಂತು. ಅದರ ಕೆಳಗೆ ಖಾಲಿ ಚೌಕ, ಮೂಲೆಯಲ್ಲಿ ಸಣ್ಣ ಕೆಂಪು ಗುರುತು. ಚಿತ್ರ ಅಳಿಸಿದವನು ಜಾಗವನ್ನು ಮುಚ್ಚಿರಲಿಲ್ಲ.

“ಇದ ಏನು ನನ್ನ ಜಾಗಾ?”

ಹೌದು ಎಂದೆ.

“ಇರಲಿ. ಇನ್ನೊಬ್ಬರ ಕೈಯಾದ್ರೂ ಇಲ್ಲಲ್ಲ,” ಎಂದರು ಅಕ್ಕ. ಮೂಗಿನ ಮೇಲೆ ಜಾರುತ್ತಿದ್ದ ಹೊಸ ಕನ್ನಡಕವನ್ನು ಏರಿಸಿಕೊಂಡು ಕೆಳಗಿನ ಸಾಲುಗಳನ್ನು ತೋರಿಸಿದರು. “ಇದೇನು ಬರದಾರ?”

ಅದು ನಾನು ಬರೆದದ್ದು. ಇಂಗ್ಲಿಷ್ ಓದುತ್ತ ಕನ್ನಡದಲ್ಲಿ ಹೇಳಿದೆ. ಈ ರೊಟ್ಟಿ ಅಕ್ಕಲಕೋಟದ ನಮ್ಮ ಮನೆಯಲ್ಲಿ ಆಗುತ್ತದೆ, ನಮ್ಮ ಮನೆಯ ಹಿರಿಯ ಸೊಸೆ ತಮ್ಮ ಕೈಯಾರೆ ಬಡಿಯುತ್ತಾರೆ. ಕ್ಷಮೆಯ ಪತ್ರ ಬರೆದ ವಾರವೇ ಆ ಹಿರಿಯ ಸೊಸೆಯ ಮಾತನ್ನು ಕ್ಲಾಸಿನವನಿಗೆ ಹೇಳಿ ಸೇರಿಸಿದ್ದೆ. ಯಜಮಾನರು ಅಂಗಡಿಯ ಹೆಸರಿನಿಂದ ಮುಂದೆ ಎಂದೂ ಓದಿದವರಲ್ಲ.

ಅಕ್ಕ ಪರದೆಯನ್ನೇ ನೋಡುತ್ತಿದ್ದರು. “ಇದನ್ನ ಅವ್ವನ ಮುಂದ ಓದೀದೇನು?”

“ಇಲ್ಲಕ್ಕಾ.”

“ಓದಬ್ಯಾಡ,” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ, ಹಿರಿಯ ಸೊಸೆ ಎನ್ನುವುದು ಎಲ್ಲಿದೆ ಬೆರಳಿಟ್ಟು ತೋರಿಸು ಎಂದರು. ತೋರಿಸಿದೆ.